ಬಾಯಿಯ ತಪ್ಪಿಗೆ ಹೊಟ್ಟೆಗೆ ಬರೆ

ಬಾಯಿ ನಾರುವುದು ಹೊಟ್ಟೆಯ ದೋಷದಿಂದ ಎಂದು ನಂಬದ ಊರನ್ನು ನಾನಂತೂ ಕಂಡಿಲ್ಲ. ಕಾಸರಗೋಡಿನ ನಮ್ಮ ಕಡೆ ಅದು ಪಿತ್ತ, ಮೈಸೂರು ಸೀಮೆಯಲ್ಲಿ ಉಷ್ಣ, ಕೊಚ್ಚಿಗೆ ಹೋದರೆ ಗ್ಯಾಸ್. ಎದೆನೋವಿನಿಂದ ಹಿಡಿದು ನಿದ್ದೆಗೇಡಿನವರೆಗೆ ಯಾವುದಕ್ಕೆ ಬೇಕಾದರೂ ಹೊಂದುವ 'ಗ್ಯಾಸ್ ಟ್ರಬಲ್' ಎಂಬ ಕಾರಣವನ್ನು ಮಲಯಾಳಿಗಳು ಬಾಯಿಯ ವಾಸನೆಗೂ ಧಾರಾಳವಾಗಿ ಕೊಟ್ಟುಬಿಟ್ಟಿದ್ದಾರೆ. ಎರ್ನಾಕುಳಂನ ಎಂ.ಜಿ. ರಸ್ತೆಯಲ್ಲಿ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ಸಂಜೆ ಸ್ವಲ್ಪ ಹೊತ್ತು ನಿಂತು ನೋಡಿ. ಪಕ್ಕದಲ್ಲಿ ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ, 'ಚೇಟ್ಟಾ, ಈ ಬಾಯಿ ವಾಸನೆಗೆ ಏನಾದರೂ ಇದೆಯಾ?' ಎಂದು ಕೇಳುವವರು ಬಂದೇ ಬರುತ್ತಾರೆ. ಕೌಂಟರಿನ ಆಚೆಯಿಂದ ಬರುವ ಮೊದಲ ಪ್ರಶ್ನೆ, ಮೋಷನ್ ಸರಿಯಾಗಿ ಆಗುತ್ತಿದೆಯೇ ಎಂದು. ಕೈಗೆ ಬರುವುದು ಒಂದು ಬಾಟಲಿ ಮೌತ್‌ವಾಶ್, ಜೊತೆಗೆ ಒಂದು ಸ್ಟ್ರಿಪ್ ಅಸಿಡಿಟಿ ಮಾತ್ರೆ. ಬಾಯಿ ತೆರೆಯಿರಿ, ನೋಡೋಣ ಎಂಬ ಮಾತು ಅಲ್ಲಿ ಹುಟ್ಟುವುದಿಲ್ಲ.

ಈ ವ್ಯವಹಾರದ ಹಿಂದೆ ಎರಡು ನಂಬಿಕೆಗಳಿವೆ. ವಾಸನೆ ಹೊಟ್ಟೆಯಿಂದಲೋ ತಿಂದ ಪದಾರ್ಥದಿಂದಲೋ ಏಳುತ್ತದೆ ಎನ್ನುವುದು ಒಂದು. ಆದ್ದರಿಂದ ಬಾಯಿಯಲ್ಲಿ ಮಾಡಬೇಕಾದ್ದೇನೂ ಇಲ್ಲ, ಘಮಘಮಿಸುವ ಏನನ್ನಾದರೂ ಇಟ್ಟುಕೊಂಡು ಮರೆಮಾಚಿದರೆ ಸಾಕು ಎನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದು ಸುಳ್ಳಿನ ಜೊತೆಗೆ ಅಪಾಯ. ಕಲಿತವರು, ಆರೋಗ್ಯದ ಅಂಕಿ ಅಂಶಗಳಲ್ಲಿ ದೇಶಕ್ಕೇ ಮುಂದಿರುವವರು ಎಂದು ಹೆಸರಾದ ಕೇರಳದಲ್ಲೇ ಇವು ಹೀಗೆ ಬೇರುಬಿಟ್ಟಿರುವುದರಿಂದ ಅಲ್ಲಿಯದೇ ಉದಾಹರಣೆಗಳನ್ನು ಹಿಡಿದು ಮಾತಾಡುತ್ತೇನೆ. ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು ಎಂಬುದನ್ನು ಓದುವ ಕನ್ನಡಿಗರು ತಾವೇ ಸೇರಿಸಿಕೊಳ್ಳಲಿ.

ಹೊಟ್ಟೆಯ ಮೇಲಿನ ಆರೋಪವನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಏಕಾದಶಿಯ ದಿನ ನಿರಾಹಾರ ಇರುವ ಅಜ್ಜಿಯನ್ನೋ, ರಂಜಾನ್ ತಿಂಗಳಲ್ಲಿ ಸಂಜೆ ನೋಂಬು ಮುರಿಯುವ ಹೊತ್ತಿಗೆ ಕಾಯುತ್ತಿರುವ ಗೆಳೆಯನನ್ನೋ ಮಾತಾಡಿಸಿ. ಅವರ ಹೊಟ್ಟೆ ಖಾಲಿ. ಅಲ್ಲಿ ಕೊಳೆಯಲು ಏನೂ ಉಳಿದಿಲ್ಲ. ಆದರೂ ವಾಸನೆ ಮಿಕ್ಕ ದಿನಗಳಿಗಿಂತ ಹೆಚ್ಚು. ಬೆಳಗ್ಗೆ ಎದ್ದ ಯಾರ ಬಾಯಿಯನ್ನಾದರೂ ತೆಗೆದುಕೊಳ್ಳಿ, ರಾತ್ರಿಯ ಊಟ ಎಂದೋ ಹೊಟ್ಟೆ ದಾಟಿ ಹೋಗಿರುತ್ತದೆ, ವಾಸನೆ ಮಾತ್ರ ಆಗಲೇ ಜೋರು. ಕಾರಣ ಸರಳ: ಆಗ ಬಾಯಿಯಲ್ಲಿ ಜೊಲ್ಲು ತೀರಾ ಕಡಿಮೆ. ದೊಡ್ಡವರೊಬ್ಬರ ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಊರುತ್ತದೆ. ಬಾಯಿಯನ್ನು ಹಗಲಿಡೀ ತೊಳೆಯುತ್ತಿರುವುದು ಅದೇ. ನಿದ್ದೆಯಲ್ಲಿ, ಉಪವಾಸದಲ್ಲಿ, ಬಾಯಿಂದ ಉಸಿರಾಡುವವರಲ್ಲಿ ಆ ಹರಿವು ಬತ್ತುತ್ತದೆ. ಕೂಡಲೇ ಬ್ಯಾಕ್ಟೀರಿಯಾಗಳ ಸುಗ್ಗಿ ಶುರು.

ಇನ್ನು ಅನ್ನನಾಳ. ಅದು ಹೊಟ್ಟೆಯಿಂದ ಬಾಯಿಗೆ ತೆರೆದಿಟ್ಟ ಕೊಳವೆಯಲ್ಲ. ನುಂಗುವಾಗ, ತೇಗುವಾಗ, ವಾಂತಿಯಾಗುವಾಗ ಬಿಟ್ಟರೆ ಅದು ಮುಚ್ಚಿಕೊಂಡೇ ಇರುತ್ತದೆ. ತೇಗಿದಾಗ ಒಂದು ಕ್ಷಣ ಊಟದ ವಾಸನೆ ಬಂದೀತು. ಎದುರಿಗೆ ಕುಳಿತವರು ಗಂಟೆಗಟ್ಟಲೆ ಮುಖ ತಿರುಗಿಸುವಂಥ ನಾತ ಅಲ್ಲಿಂದ ಬರುವುದು ತೀರಾ ವಿರಳ. ವೈದ್ಯರ ಲೆಕ್ಕದಲ್ಲಿ ಬಾಯಿನಾತದ ಹತ್ತು ಪ್ರಕರಣಗಳಲ್ಲಿ ಎಂಟೊಂಬತ್ತಕ್ಕೆ ಮೂಲ ಬಾಯಿಯೇ. ನಾಲಗೆಯ ಹಿಂಭಾಗ, ಹಲ್ಲಿಗೂ ವಸಡಿಗೂ ನಡುವಿನ ಸಂದು, ಹುಳುಕು ಬಿದ್ದ ಹಲ್ಲಿನ ಗುಳಿ, ತೆಗೆಯದೆ ಬಿಟ್ಟ ಕಟ್ಟಿಸಿದ ಹಲ್ಲು. ಗಾಳಿಯಿಲ್ಲದ ಈ ಮೂಲೆಗಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದಾಗ ಗಂಧಕದ ಅನಿಲಗಳು ಹೊರಬರುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅದರಲ್ಲೊಂದು, ಅದಕ್ಕಿಂತ ಕೆಟ್ಟದಾದ ಮೀಥೈಲ್ ಮರ್ಕ್ಯಾಪ್ಟನ್ ಇನ್ನೊಂದು. ಕೆನಡಾದ ವ್ಯಾಂಕೂವರಿನಲ್ಲಿ, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಟಾನ್ಜೆಟಿಚ್ 1970ರ ದಶಕದ ಹೊತ್ತಿಗೇ ಇವನ್ನು ಅಳೆದು ತೋರಿಸಿದ್ದರು. ಅರ್ಧ ಶತಮಾನವಾಯಿತು. ನಮ್ಮ ಮೆಡಿಕಲ್ ಶಾಪಿನ ಪ್ರಶ್ನೆ ಇನ್ನೂ ಮೋಷನ್ನಿನ ಬಗ್ಗೆಯೇ ಇದೆ.

ಹೊಟ್ಟೆಯನ್ನು ಬಿಟ್ಟುಕೊಟ್ಟವರು ಕೂಡಲೇ ಹಿಡಿಯುವುದು ತಟ್ಟೆಯನ್ನು. ಇದರಲ್ಲಿ ನಮ್ಮವರ ಪಾಲು ದೊಡ್ಡದು. ಕೊಚ್ಚಿಗೆ ಕೆಲಸಕ್ಕೆ ಹೋದ ಸಸ್ಯಾಹಾರಿ ಕನ್ನಡಿಗ ಊರಿಗೆ ಬಂದಾಗ ಹೇಳುವ ಕಥೆಗಳಲ್ಲಿ ಮೀನು ತಿಂದ ಬಾಯಿಗಳ ಕಥೆ ಒಂದು ಇದ್ದೇ ಇರುತ್ತದೆ. ಕೇಳುವವರು ಮೂಗು ಮುರಿಯುತ್ತಾರೆ, ಎಲ್ಲರಿಗೂ ಏನೋ ಸಮಾಧಾನ. ಆದರೆ ಬ್ಯಾಕ್ಟೀರಿಯಾಗಳಿಗೆ ಜಾತಿಯಿಲ್ಲ, ಮಡಿಯೂ ಇಲ್ಲ. ಅವು ಮೇಯುವುದು ತಟ್ಟೆಯಲ್ಲಿದ್ದ ಕರಿಮೀನನ್ನೇ ಎಂದೇನಿಲ್ಲ. ಕೆನ್ನೆಯ ಒಳಗಿನಿಂದ ಉದುರುವ ಸತ್ತ ಜೀವಕೋಶ, ಮೂಗಿನ ಹಿಂದಿನಿಂದ ಗಂಟಲಿಗೆ ಇಳಿಯುವ ಲೋಳೆ, ವಸಡಿನಿಂದ ಒಸರುವ ರಕ್ತ, ಇವೆಲ್ಲ ಪ್ರೋಟೀನೇ. ಬರೀ ಮೊಸರನ್ನ ಉಂಡವನ ಬಾಯಿಯಲ್ಲೂ ಇವು ಬೇಕಾದಷ್ಟಿವೆ, ಮೊಸರಿನದೂ ಸೇರಿ. ಮೀನು ಮುಟ್ಟದ ಮನೆಗಳಲ್ಲಿ, ನಸುಕಿಗೆ ಮಿಂದು ಗಂಧ ಇಟ್ಟುಕೊಂಡ ಹಿರಿಯರ ಬಾಯಿಂದ ಬಂದ ನಾತಕ್ಕೆ ಉಸಿರು ಹಿಡಿದು ಆಶೀರ್ವಾದ ಪಡೆದ ನೆನಪು ಯಾರಿಗಿಲ್ಲ?

ಬೆಳ್ಳುಳ್ಳಿಯ ಮಾತು ಬೇರೆ, ಅದನ್ನು ಒಪ್ಪಬೇಕು. ಬೆಳ್ಳುಳ್ಳಿಯ ಒಂದು ಗಂಧಕದ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆದರೆ ಒಂದು ದಿನದ ಒಳಗೆ ತಾನಾಗಿ ಹೋಗುತ್ತದೆ. ಮದ್ಯದ್ದೂ ಹಾಗೆಯೇ. ಹೀಗೆ ಬಂದು ಹೀಗೆ ಹೋಗುವುದು ಕಾಯಿಲೆಯಲ್ಲ. ನಾನು ಹೇಳುತ್ತಿರುವುದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಂತ ನಾತದ ವಿಷಯ.

'ಹೊಟ್ಟೆಯ ವಿಚಾರ ನಮ್ಮ ಆಯುರ್ವೇದವೇ ಹೇಳಿದೆಯಲ್ಲ' ಎಂದು ಒಬ್ಬರಾದರೂ ಅಡ್ಡ ಹಾಕುತ್ತಾರೆ. ತಿರುವನಂತಪುರದಲ್ಲಿ 1889ರಷ್ಟು ಹಿಂದಿನಿಂದ ಆಯುರ್ವೇದ ಕಲಿಸುತ್ತ ಬಂದ ಸರಕಾರಿ ಕಾಲೇಜಿದೆ, ಕೇರಳದ ಅಷ್ಟವೈದ್ಯರ ಮನೆತನಗಳು ವಾಗ್ಭಟನ ಅಷ್ಟಾಂಗಹೃದಯವನ್ನು ಬಾಯಿಪಾಠ ಮಾಡಿ ಉಳಿಸಿದವು. ಆ ಪುಸ್ತಕವನ್ನೇ ತೆರೆದು ನೋಡಿದರೆ ಆಗದೇ? ಅದರ ಉತ್ತರಸ್ಥಾನದಲ್ಲಿ ಬಾಯಿಯ ರೋಗಗಳನ್ನು ಹೇಳುವಲ್ಲೇ ಬಾಯಿನಾತವೂ ಬರುತ್ತದೆ. ವಾತಪಿತ್ತಕಫಗಳ ಮಾತು ಅಲ್ಲಿ ಇಲ್ಲವೆಂದಲ್ಲ. ಆದರೆ ಬಾಯಿನಾತ ಯಾರಿಗೆ ಬರುತ್ತದೆ ಎಂದರೆ ಹಲ್ಲುಜ್ಜುವ ಕಡ್ಡಿಯನ್ನು ಕಂಡರಾಗದವರಿಗೆ! ಚರಕ ಇನ್ನೂ ನೇರ. ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ, ನಾಲಗೆಯ ಬುಡದಲ್ಲಿ ಸೇರಿಕೊಂಡ ಕೊಳೆಯೇ ದುರ್ವಾಸನೆಗೆ ಕಾರಣ, ಆದ್ದರಿಂದ ನಾಲಗೆಯನ್ನು ಹೆರೆಯಬೇಕು ಎಂದು ಅವನು ಬರೆದಿಟ್ಟಿದ್ದಾನೆ. ಹೆರೆಯುವ ಸಲಾಕೆ ಚಿನ್ನ, ಬೆಳ್ಳಿ, ತಾಮ್ರ ಮುಂತಾದ ಲೋಹದ್ದಿರಲಿ, ಹರಿತವಾಗಿರಬಾರದು ಎಂಬ ಎಚ್ಚರಿಕೆಯೂ ಇದೆ. ಲವಂಗ, ಏಲಕ್ಕಿ, ಕರ್ಪೂರ, ವೀಳ್ಯದ ಮಾತು ಬರುವುದು ಇದೆಲ್ಲ ಮುಗಿದ ಮೇಲೆ. ನಾವು ಮಾಡಿದ್ದೇನೆಂದರೆ ಸಲಾಕೆಯನ್ನು ಬಿಸಾಡಿ ಏಲಕ್ಕಿಯನ್ನು ಇಟ್ಟುಕೊಂಡದ್ದು. ಇವತ್ತು ಪಿತ್ತಶಮನದ ಹೆಸರಿನಲ್ಲಿ ಬಾಯಿನಾತಕ್ಕೆ ಚೂರ್ಣ ಮಾರುವವರು ಚರಕನನ್ನು ಓದಿದ್ದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಸಲಾಕೆ ಎಂದರೆ ದುಬಾರಿ ಸಾಮಾನು ಎಂದುಕೊಳ್ಳಬೇಡಿ. ಕೇರಳದ ಮನೆಗಳಲ್ಲೂ ನಮ್ಮ ಕರಾವಳಿಯಲ್ಲೂ ಹಿಂದೆ ಹಿತ್ತಲಿಗೆ ಹೋಗಿ ತೆಂಗಿನ ಗರಿಯಿಂದ ಒಂದು ಕಡ್ಡಿ ಎಳೆದು, ನಡುವೆ ಸೀಳಿ, ಬಿಲ್ಲಿನ ಹಾಗೆ ಬಗ್ಗಿಸಿ ನಾಲಗೆ ಹೆರೆದುಕೊಳ್ಳುತ್ತಿದ್ದರು. ಮಲಯಾಳದಲ್ಲಿ ಅದು ಈರ್ಕಿಲ್. ಉಮಿಕರಿ, ಉಪ್ಪು, ಹಣ್ಣಾದ ಮಾವಿನೆಲೆ ಹಲ್ಲಿಗೆ; ಈರ್ಕಿಲ್ ನಾಲಗೆಗೆ. ಉಮಿಕರಿಯನ್ನು ನಾನು ಸಮರ್ಥಿಸುವುದಿಲ್ಲ. ಒರಟು ಕರಿ ಹಲ್ಲಿನ ಹೊಳಪನ್ನು ಸವೆಸುತ್ತದೆ, ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದರ ಬೆನ್ನಿಗೇ ಈರ್ಕಿಲ್ ಕೂಡ ಹೋಯಿತು. ಟೂತ್‌ಪೇಸ್ಟ್ ಬಂದಾಗ ಅದರ ಜಾಹೀರಾತಿನಲ್ಲಿ ಹಲ್ಲು ಮಾತ್ರ ಮಿಂಚಿತು, ನಾಲಗೆ ಕಾಣಿಸಲೇ ಇಲ್ಲ. ನಾಲಗೆ ಹೆರೆಯುವುದು ಹಳ್ಳಿಯವರ ಚಾಳಿ, ಓಕರಿಸುವ ಸದ್ದು ಅಸಹ್ಯ ಎಂದಾಯಿತು. ಮಂಗಳೂರಿನಿಂದ ಹೊರಟ ಮಾವೇಲಿ ಎಕ್ಸ್‌ಪ್ರೆಸ್ ಬೆಳಗ್ಗೆ ತಿರುವನಂತಪುರ ಸಮೀಪಿಸುವಾಗ ಬೋಗಿಯ ಬೇಸಿನ್ನಿನ ಮುಂದೆ ಸಾಲು ನಿಂತವರನ್ನು ಗಮನಿಸಿದ್ದೇನೆ. ಸಾಲಿನಲ್ಲಿ ಎಲ್ಲರ ಕೈಯಲ್ಲೂ ಬ್ರಷ್ಷಿದೆ. ನಾಲಗೆಯ ಸಲಾಕೆ ಹಿಡಿದವರು ಹೆಚ್ಚಾಗಿ ತಲೆ ನರೆತವರೇ.

ಹಾಗಾದರೆ ಈ ಘಮದ ಧರ್ಮವನ್ನು ಹಬ್ಬಿಸಿದ್ದು ಯಾರು? ಅಮೆರಿಕದಲ್ಲಿ 1879ರಲ್ಲಿ ಹುಟ್ಟಿದ ಲಿಸ್ಟರಿನ್ ಮೊದಲು ಶಸ್ತ್ರಚಿಕಿತ್ಸೆಯ ಕ್ರಿಮಿನಾಶಕ. ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರ ಹೆಸರನ್ನು ಅದಕ್ಕೆ ಇಟ್ಟದ್ದೂ ಆ ಕಾರಣಕ್ಕೆ. ಅದು ಮನೆಮನೆಗೆ ನುಗ್ಗಿದ್ದು 1920ರ ದಶಕದಲ್ಲಿ, ಕಂಪನಿಯವರು ಬಾಯಿನಾತಕ್ಕೆ ಇದ್ದ ಒಂದು ವೈದ್ಯಕೀಯ ಹೆಸರನ್ನು ಹುಡುಕಿ ತೆಗೆದು ಪತ್ರಿಕೆಗಳ ತುಂಬ ಹೆದರಿಕೆ ಬಿತ್ತಿದ ಮೇಲೆ. ಮದುವೆಯಾಗದೆ ಉಳಿದ ಸುಂದರಿಗೆ ಕಾರಣ ಅವಳ ಬಾಯಿ, ಅದನ್ನು ಅವಳ ಗೆಳತಿಯರೂ ಅವಳಿಗೆ ಹೇಳರು, ಹೀಗಿತ್ತು ಆ ಜಾಹೀರಾತುಗಳ ಧಾಟಿ. ಅಂದು ಅವರು ಮಾರಿದ್ದು ನಾಚಿಕೆಯನ್ನು, ಬಾಟಲಿ ಅದರ ಜೊತೆಗೆ ಬಂತು. ನೂರು ವರ್ಷದ ಮೇಲೂ ಟಿ.ವಿ.ಯಲ್ಲಿ ಹುಡುಗ ಹುಡುಗಿ ಹತ್ತಿರ ಬರುವ, ಪುದೀನಾ ಗಾಳಿ ಬೀಸುವ ಅದೇ ನಾಟಕ ನಡೆದಿದೆ.

ಮೌತ್‌ವಾಶ್ ಪೂರ್ತಿ ನಿಷ್ಪ್ರಯೋಜಕ ಎಂದು ನಾನು ಹೇಳುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಇರುವಂಥದ್ದು ಬ್ಯಾಕ್ಟೀರಿಯಾವನ್ನು ನಿಜಕ್ಕೂ ತಗ್ಗಿಸುತ್ತದೆ, ಸತುವಿನ ಲವಣ ಇರುವಂಥದ್ದು ಗಂಧಕದ ಅನಿಲವನ್ನು ಹಿಡಿದಿಡುತ್ತದೆ. ವಸಡಿನ ಚಿಕಿತ್ಸೆಯಾದ ಮೇಲೆ ಎರಡು ವಾರ ಬಳಸಿ ಎಂದು ದಂತವೈದ್ಯರು ಬರೆದುಕೊಟ್ಟರೆ ಅದಕ್ಕೆ ಅರ್ಥವಿದೆ. ಆದರೆ ಕ್ಲೋರ್‌ಹೆಕ್ಸಿಡಿನನ್ನು ತಿಂಗಳುಗಟ್ಟಲೆ ಮುಕ್ಕಳಿಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ, ನಾಲಗೆಗೆ ರುಚಿ ಕೆಡುತ್ತದೆ. ಹಲ್ಲಿನ ಮೇಲೆ ಗಟ್ಟಿಯಾಗಿ ಕೂತ ಕಿಟ್ಟವನ್ನು ಯಾವ ಬಾಟಲಿಯೂ ಕರಗಿಸುವುದಿಲ್ಲ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ಎರಡು ವಾರದ ಹತ್ತಿರ ನಗರ ಹೊಗೆ ಕುಡಿಯಿತಲ್ಲ, ಆಗ ಫ್ಲ್ಯಾಟುಗಳ ಕಿಟಕಿ ಮುಚ್ಚಿ ಒಳಗೆ ರೂಮ್ ಫ್ರೆಶ್‌ನರ್ ಹೊಡೆದುಕೊಂಡಿದ್ದರೆ ಬ್ರಹ್ಮಪುರಂ ಸರಿಹೋಗುತ್ತಿತ್ತೇ? ಬಾಯಿಯ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ.

ಮೌತ್‌ವಾಶ್‌ನಿಂದ ಹೆಚ್ಚೆಂದರೆ ಜೇಬಿಗೂ ಹಲ್ಲಿನ ಬಣ್ಣಕ್ಕೂ ನಷ್ಟ, ಅಷ್ಟೇ. ಇದೇ ಘಮದ ಹೆಸರಿನಲ್ಲಿ ಮಾರಾಟವಾಗುವ ಇನ್ನೊಂದು ವಸ್ತುವಿನಿಂದ ಜೀವ ಹೋಗುತ್ತದೆ. ಪಾನ್ ಮಸಾಲಾ ಪೊಟ್ಟಣಕ್ಕೆ ನಮ್ಮ ದೇಶದಲ್ಲಿ ಇರುವ ಮರ್ಯಾದೆಯ ಹೆಸರು ಮೌತ್ ಫ್ರೆಶ್‌ನರ್. ಬೆಳ್ಳಿಯ ವರ್ಖ, ಕೇಸರಿ, ಏಲಕ್ಕಿ ಎಂದು ಸಿನಿಮಾ ನಟರು ಕೈಯೆತ್ತಿ ತೋರಿಸುತ್ತಾರೆ. ಒಳಗಿರುವುದು ಮುಖ್ಯವಾಗಿ ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ, ತಂಬಾಕು ಸೇರದಿದ್ದರೂ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಕಾಸರಗೋಡು, ಪುತ್ತೂರು, ಶಿರಸಿ, ತೀರ್ಥಹಳ್ಳಿಯ ಬೆಳೆಗಾರ ಮಿತ್ರರಿಗೆ ಈ ಸಾಲು ರುಚಿಸದು. ನನ್ನ ನೆಂಟರಲ್ಲೇ ಅಡಿಕೆ ತೋಟದ ಆದಾಯದಿಂದ ಓದಿದವರಿದ್ದಾರೆ, ಅವರ ಕಷ್ಟ ಬಲ್ಲೆ. ಆದರೆ ಬೆಳೆಗಾರನ ಹೊಟ್ಟೆಪಾಡಿನ ಪ್ರಶ್ನೆಯನ್ನು ಜಗಿಯುವವನ ಕೆನ್ನೆಯಲ್ಲಿ ಬಗೆಹರಿಸಲು ಆಗುವುದಿಲ್ಲ. ಕೇರಳ 2012ರ ಮೇ ತಿಂಗಳಲ್ಲಿ ತಂಬಾಕು ಬೆರೆತ ಗುಟ್ಕಾ, ಪಾನ್ ಮಸಾಲಾಗಳನ್ನು ನಿಷೇಧಿಸಿತು, ಮರುವರ್ಷ ಕರ್ನಾಟಕವೂ ಗುಟ್ಕಾ ನಿಷೇಧಿಸಿತು. ಆದರೂ ಮಂಜೇಶ್ವರದ ದಾರಿಯಲ್ಲಿ ಮಂಗಳೂರು ಕಡೆಯಿಂದ ಸಾಗಿದ ತಂಬಾಕು ಪೊಟ್ಟಣಗಳ ಮೂಟೆ ಹಿಡಿದ ಸುದ್ದಿ ಈಗಲೂ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಜಗಿಯುವ ಅನೇಕ ಹುಡುಗರು ಶುರುಮಾಡಿದ್ದು ಹೇಗೆ ಎಂದು ಕೇಳಿ: ಬಾಯಿ ಫ್ರೆಶ್ ಆಗಿರಲಿ ಅಂತ, ಬೀಡಿಯ ವಾಸನೆ ಮನೆಯಲ್ಲಿ ಗೊತ್ತಾಗದಿರಲಿ ಅಂತ.

ಈಗ ತಿರುವನಂತಪುರಕ್ಕೆ ಬರೋಣ. ನನ್ನ ವಾದಕ್ಕೆ ಆಧಾರ ಆ ಊರಿನ ಪಂಚಾಯತುಗಳಲ್ಲೇ ಇದೆ. ಅಲ್ಲಿಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ, ಎಲ್ಲರ ಬಾಯಲ್ಲಿ ಆರ್‌ಸಿಸಿ, ಶುರುವಾದದ್ದು 1981ರಲ್ಲಿ. ಆ ಕೇಂದ್ರ 1996ರಿಂದ 2004ರವರೆಗೆ ಒಂದು ದೊಡ್ಡ ಅಧ್ಯಯನ ನಡೆಸಿತು. ಜಿಲ್ಲೆಯ ಹದಿಮೂರು ಪಂಚಾಯತು ಪ್ರದೇಶಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ 35 ದಾಟಿದವರ ಮನೆಗೇ ತರಬೇತಿ ಪಡೆದ ಕಾರ್ಯಕರ್ತರು ಹೋಗಿ, ಬೆಳಕು ಹಿಡಿದು, ಬಾಯಿ ತೆರೆಸಿ ನೋಡಿದರು. ಇವರು ಡಾಕ್ಟರುಗಳಲ್ಲ, ಪದವಿ ಓದಿದ ಸಾಮಾನ್ಯ ಜನ. ಸಂಶಯ ಕಂಡವರನ್ನು ತಜ್ಞರ ಬಳಿ ಕಳುಹಿಸಿದರು. ಮೂರು ವರ್ಷಕ್ಕೊಮ್ಮೆ ಮೂರು ಸುತ್ತು. ಇನ್ನೊಂದು ಗುಂಪಿಗೆ ಎಂದಿನಂತೆ ಸಿಗುವ ಚಿಕಿತ್ಸೆ ಮಾತ್ರ. ಎರಡೂ ಗುಂಪು ಸೇರಿ ಒಂದು ಲಕ್ಷ ತೊಂಬತ್ತು ಸಾವಿರಕ್ಕೂ ಹೆಚ್ಚು ಜನ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2005ರಲ್ಲಿ ಫಲಿತಾಂಶ ಬಂತು: ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸ ಖಚಿತವಾಗಿ ಹೇಳುವಷ್ಟಿರಲಿಲ್ಲ, ಆದರೆ ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡ 34ರಷ್ಟು ಕಡಿಮೆಯಾಗಿತ್ತು. ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆ ಇಲ್ಲ. ಬಾಯಿ ತೆರೆದು ನೋಡಿದ್ದು, ಅಷ್ಟೇ.

ಬಾಯಿನಾತವೆಲ್ಲ ಕ್ಯಾನ್ಸರ್ ಎಂದು ಹೆದರಿಸುವ ಉದ್ದೇಶ ನನಗಿಲ್ಲ, ಅದು ಲಿಸ್ಟರಿನ್‌ನವರ ದಾರಿ. ಹೆಚ್ಚಿನವರಲ್ಲಿ ಅದು ನಾಲಗೆಯ ಲೇಪ, ವಸಡಿನ ಬಾವು. ಆದರೆ ಬಾಯಿ ತೆರೆಯಲು ನಾಚುವ ಸಮಾಜದಲ್ಲಿ ಮೂರೂ ಒಟ್ಟಿಗೆ ಬಚ್ಚಿಟ್ಟುಕೊಳ್ಳುತ್ತವೆ. ವಾಸನೆ ಬಂದಾಗ ಅಂಗೈ ಅಡ್ಡ ಹಿಡಿದು ಮಾತಾಡುವುದನ್ನು ಕಲಿತವನು, ಕೆನ್ನೆಯೊಳಗೆ ಬಿಳಿ ಮಚ್ಚೆ ಎದ್ದರೂ ಹಾಗೆಯೇ ಅಡ್ಡ ಹಿಡಿಯುತ್ತಾನೆ. ಬಾಯಿ ತೆರೆಸಿ ನೋಡಿದರೆ ಜೀವ ಉಳಿಯುತ್ತದೆ ಎಂದು ಜಗತ್ತಿಗೆ ತೋರಿಸಿದ ಜಿಲ್ಲೆಯಲ್ಲೇ ಜನ ಏಲಕ್ಕಿ ಜಗಿದು ಬಾಯಿ ಮುಚ್ಚಿಕೊಳ್ಳುವುದೆಂದರೆ ಇದಕ್ಕಿಂತ ದೊಡ್ಡ ಸೋಜಿಗ ಉಂಟೇ? ಅಲ್ಲಿಯ ಸರಕಾರಿ ದಂತ ಕಾಲೇಜು 1959ರಿಂದ ಇದೆ. ಕೊಚ್ಚಿಯಲ್ಲಿ ಬೀದಿಗೊಂದು ದಂತ ಕ್ಲಿನಿಕ್ಕಿದೆ ಎಂದರೆ ಉತ್ಪ್ರೇಕ್ಷೆ ಇರಬಹುದು, ಸುಳ್ಳಲ್ಲ. ಆದರೂ ಹಲ್ಲು ನೋಯದೆ ಅಲ್ಲಿಗೆ ಹೋಗುವವರು ವಿರಳ, ನಾತ ಬರುತ್ತದೆ ಎಂದು ಹೋಗುವವರಂತೂ ಇನ್ನೂ ವಿರಳ. ಅಂಥವರು ಹೋಗುವುದು ಹೊಟ್ಟೆಯ ಡಾಕ್ಟರ ಹತ್ತಿರ. ಬಾಯಿನಾತಕ್ಕೆಂದು ಎಂಡೋಸ್ಕೋಪಿ ಮಾಡಿಸಿಕೊಂಡು, ವರದಿಯಲ್ಲಿ ಏನೂ ಇಲ್ಲ ಎಂದು ಬಂದ ಮೇಲೆ ಇನ್ನಷ್ಟು ಕುಗ್ಗಿದವರನ್ನು ನಾನು ಬಲ್ಲೆ. ಹೊಟ್ಟೆಯವರೆಗೆ ಇಳಿದ ಕ್ಯಾಮೆರಾ ಅವರ ವಸಡನ್ನು ದಾಟಿಯೇ ಹೋಗಿತ್ತು!

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲಾಗುತ್ತದೆ ಎಂಬ ಇನ್ನೊಂದು ನಂಬಿಕೆ ಈ ಹಿಂಜರಿಕೆಗೆ ಬಲ ಕೊಟ್ಟಿದೆ. ಕನ್ನಡ, ಮಲಯಾಳ, ತುಳು, ಎಲ್ಲ ಭಾಷೆಯಲ್ಲೂ ಇದನ್ನು ಕೇಳಿದ್ದೇನೆ. ನಡೆಯುವುದು ಇಷ್ಟು: ವರ್ಷಗಳಿಂದ ಕಟ್ಟಿದ ಕಿಟ್ಟದ ಕೆಳಗೆ ವಸಡು ಕುಗ್ಗಿ, ಎಲುಬು ಕರಗಿ, ಹಲ್ಲು ಆಗಲೇ ಅಲುಗಾಡುತ್ತಿರುತ್ತದೆ. ಕಿಟ್ಟ ಅದನ್ನು ಪಕ್ಕದ ಹಲ್ಲಿಗೆ ಅಂಟಿಸಿ ಹಿಡಿದಿರುತ್ತದೆ. ತೆಗೆದಾಗ ಒಳಗಿನ ಸತ್ಯ ಹೊರಗೆ ಬೀಳುತ್ತದೆ, ಕೆಟ್ಟ ಹೆಸರು ಡಾಕ್ಟರಿಗೆ. ಉಜ್ಜುವಾಗ ರಕ್ತ ಬಂದರೆ ಬ್ರಷ್ ಗಟ್ಟಿಯೆಂದು ಬ್ರಷ್ ಬದಲಿಸುತ್ತೇವೆ. ಆರೋಗ್ಯವಂತ ವಸಡಿನಿಂದ ರಕ್ತ ಬರುವುದಿಲ್ಲ. ರಕ್ತ ಮತ್ತು ನಾತ ಒಟ್ಟಿಗೆ ಕಂಡರೆ ಅದು ವಸಡಿನ ರೋಗ, ಹೊಟ್ಟೆಯ ಮಾತ್ರೆಗೆ ಬಗ್ಗುವಂಥದ್ದಲ್ಲ.

ಕೇರಳದ ಮಟ್ಟಿಗೆ ಇದು ಇನ್ನೂ ಗಂಭೀರ. 2011ರ ಜನಗಣತಿಯಲ್ಲೇ ಅಲ್ಲಿ ಅರವತ್ತು ದಾಟಿದವರು ಶೇಕಡ 12.6. ದೇಶದ ಯಾವ ದೊಡ್ಡ ರಾಜ್ಯದಲ್ಲೂ ಅಷ್ಟಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯವರು ಕೇರಳದಲ್ಲಿ ಶೇಕಡ 25.5, ನಾಲ್ವರಲ್ಲಿ ಒಬ್ಬರು. ಸಕ್ಕರೆ ಕಾಯಿಲೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯ ಹಿಡಿತ ತಪ್ಪಿಸುತ್ತದೆ. ಇದರ ಮೇಲೆ ಬಿ.ಪಿ.ಯ, ನಿದ್ದೆಯ, ಖಿನ್ನತೆಯ, ಅಲರ್ಜಿಯ ಮಾತ್ರೆಗಳು, ಇವುಗಳಲ್ಲಿ ಹಲವು ಜೊಲ್ಲನ್ನು ಬತ್ತಿಸುತ್ತವೆ. ಮಕ್ಕಳು ಗಲ್ಫಿನಲ್ಲಿ, ತಿರುವನಂತಪುರದ ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಮತ್ತು ಒಬ್ಬ ಹೋಂ ನರ್ಸ್. ಅವರಿಗೆ ಸ್ನಾನ ಮಾಡಿಸುತ್ತಾರೆ, ಪೌಡರ್ ಹಾಕುತ್ತಾರೆ, ಔಷಧಿ ಕೊಡುತ್ತಾರೆ. ಬಾಯಿ ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿಡಬೇಕು ಎಂದು ಮಾಡಿಸಿದ ದಿನ ಹೇಳಿರುತ್ತಾರೆ, ಮರುದಿನವೇ ಮರೆತಿರುತ್ತದೆ. ರಜೆಗೆ ಬಂದ ಮೊಮ್ಮಗು ಅಜ್ಜನ ಮಡಿಲಿನಿಂದ ಇಳಿದು ಓಡುತ್ತದೆ. ಅಜ್ಜ ಕಾರಣ ತಿಳಿಯದೆ ನೊಂದುಕೊಳ್ಳುತ್ತಾರೆ. ಮನೆಯವರು 'ವಯಸ್ಸಾಯಿತಲ್ಲ' ಎನ್ನುತ್ತಾರೆ. ವಯಸ್ಸಿಗೆ ಈ ವಾಸನೆಯಿಲ್ಲ, ತೊಳೆಯದ ಬಾಯಿಗಿದೆ.

ಅರವತ್ತು ದಾಟಿದ ಬಡವರಿಗೆ ಪುಕ್ಕಟೆಯಾಗಿ ಹಲ್ಲಿನ ಸೆಟ್ಟು ಕೊಡುವ 'ಮಂದಹಾಸಂ' ಎಂಬ ಯೋಜನೆ ಕೇರಳ ಸರಕಾರದ್ದಿದೆ. ಒಳ್ಳೆಯದು, ಮೆಚ್ಚಬೇಕಾದ್ದು. ಆದರೆ ಆ ಹಲ್ಲುಗಳಲ್ಲಿ ಎಷ್ಟೋ ಉದುರಿದ್ದು ವಸಡಿನ ರೋಗದಿಂದ. ಆ ರೋಗ ಇಪ್ಪತ್ತು ವರ್ಷ ಮೊದಲೇ ತನ್ನ ವಾಸನೆಯಿಂದ ಕೂಗಿ ಹೇಳಿತ್ತು. ಆಗ ಕೇಳಿಸಿಕೊಳ್ಳಬೇಕಾದವರ ಬಾಯಿಯಲ್ಲಿ ಲವಂಗವಿತ್ತು.

ಎದುರು ವಾದಗಳು ಇಲ್ಲವೆಂದಲ್ಲ. ಟಾನ್ಸಿಲಿನ ಗುಳಿಗಳಲ್ಲಿ ಕಟ್ಟುವ ಬಿಳಿ ಹರಳು, ಹಳೆಯ ಸೈನಸ್ ತೊಂದರೆ, ತೀವ್ರವಾದ ಆಮ್ಲದ ಹಿಮ್ಮುಖ ಹರಿವು, ಕೈಮೀರಿದ ಸಕ್ಕರೆಯಲ್ಲಿ ಬರುವ ಹಣ್ಣಿನಂಥ ವಾಸನೆ, ಮೂತ್ರಪಿಂಡ ಅಥವಾ ಯಕೃತ್ತು ಸೋತಾಗಿನ ವಾಸನೆ, ಇವೆಲ್ಲ ಇವೆ. ಬಾಯಿ ನೋಡಿಸಿ, ಅಲ್ಲಿ ಏನೂ ಇಲ್ಲವೆಂದು ಖಚಿತವಾದ ಮೇಲೆ ಹುಡುಕಬೇಕಾದ ಕಾರಣಗಳು ಇವು. ನಾವು ಸರದಿಯನ್ನೇ ತಿರುಗುಮುರುಗು ಮಾಡಿದ್ದೇವೆ. ಇನ್ನೊಂದು ವರ್ಗದವರ ಬಗ್ಗೆ ನನಗೆ ನಿಜವಾಗಿ ಮರುಕವಿದೆ: ವಾಸನೆಯೇ ಇಲ್ಲದೆ ಇದೆಯೆಂದು ಕೊರಗುವವರು. ಎದುರಿನವರು ಮೂಗು ತುರಿಸಿಕೊಂಡರೂ ತನ್ನಿಂದಲೇ ಎಂದು ಭಾವಿಸಿ ಮದುವೆ ಮನೆ, ಆಫೀಸಿನ ಮೀಟಿಂಗ್ ತಪ್ಪಿಸುವವರು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗಪಟ್ಟಿಯಲ್ಲಿ ಇದನ್ನು ಮನಸ್ಸಿನ ತೊಂದರೆಯೆಂದು ಬೇರೆಯಾಗಿಯೇ ಗುರುತಿಸಿದೆ. ನಾಚಿಕೆ ಮಾರುವ ಜಾಹೀರಾತು ಎಲ್ಲರಿಗಿಂತ ಹೆಚ್ಚು ಹಿಂಡುವುದು ಇವರನ್ನು. ನಿಜವಾಗಿ ನಾತ ಇರುವವನಿಗೋ, ತನ್ನ ಮೂಗು ಅದಕ್ಕೆ ಒಗ್ಗಿಹೋಗಿ, ಅದು ಗೊತ್ತೇ ಇರುವುದಿಲ್ಲ. ಅಂಗೈಗೆ ಊದಿ ಮೂಸುವ ಪರೀಕ್ಷೆ ಇಬ್ಬರಿಗೂ ಸುಳ್ಳು ಹೇಳುತ್ತದೆ. ನಂಬಿಕೆಯ ಒಬ್ಬರನ್ನು ಕೇಳುವುದೇ ದಾರಿ. ಅದಕ್ಕೆ ಹೆಂಡತಿ, ಗಂಡ, ಬೆಳೆದ ಮಗಳು ಇರುವುದು.

ಉಪಾಯಗಳು ಚಿಲ್ಲರೆ ಕಾಸಿನವು. ರಾತ್ರಿ ಮಲಗುವ ಮೊದಲು ಉಜ್ಜಲೇಬೇಕು. ದಿನಕ್ಕೆರಡು ಸಲ ಮೀಯುವ ಮಲಯಾಳಿ ಎರಡು ಸಲ ಹಲ್ಲುಜ್ಜಲು ಯಾಕೆ ಸೋಮಾರಿಯೋ ನನಗೆ ತಿಳಿಯದು. ನಾಲಗೆಯನ್ನು ಆದಷ್ಟು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಹೆರೆಯಬೇಕು, ರಕ್ತ ಬರುವಷ್ಟು ಆರ್ಭಟ ಬೇಡ. ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ದಾರವೋ ಸಂದಿಯ ಸಣ್ಣ ಬ್ರಷ್ಷೋ ಬೇಕು. ಟೆಕ್ನೋಪಾರ್ಕ್, ಇನ್ಫೋಪಾರ್ಕಿನಂಥ ಐ.ಟಿ. ಕೇಂದ್ರಗಳ ಎ.ಸಿ. ಕೋಣೆಗಳಲ್ಲಿ ದಿನವಿಡೀ ಫೋನಿನಲ್ಲಿ ಮಾತಾಡಿ ಕಾಫಿಯಲ್ಲೇ ಬದುಕುವವರು ಮಿಂಟ್ ಡಬ್ಬಿಗೆ ಕೊಡುವ ಹಣ ಉಳಿಸಬಹುದು. ಕೇರಳದ ಯಾವ ಹೋಟೆಲಿಗೆ ಹೋದರೂ ಮೇಜಿನ ಮೇಲೆ ಪತಿಮುಖದ ಚಕ್ಕೆ ಕುದಿಸಿದ ಕೆಂಪು ನೀರೋ ಜೀರಿಗೆ ನೀರೋ ಪುಕ್ಕಟೆ ಇರುತ್ತದೆ, ಅದನ್ನು ಕುಡಿಯಲಿ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜೊಲ್ಲು ಊರಿಸುವುದರಿಂದ ಸ್ವಲ್ಪ ಹೊತ್ತಿಗೆ ಉಪಯೋಗ, ಅದಕ್ಕಿಂತ ಹೆಚ್ಚಿಲ್ಲ. ಕೊಚ್ಚಿಯ ಮಟ್ಟಾಂಚೇರಿ ಪೇಟೆಯ ಏಲಕ್ಕಿ, ಲವಂಗ ಪಾಯಸಕ್ಕೂ ಬಿರಿಯಾನಿಗೂ ಮೀಸಲಿರಲಿ. ಊಟವಾದ ಮೇಲೆ ಒಂದು ಲವಂಗ ಬಾಯಿಗೆ ಹಾಕಿಕೊಂಡರೆ ಯಾರ ಅಡ್ಡಿಯೂ ಇಲ್ಲ, ಅದನ್ನು ಔಷಧಿ ಎನ್ನಬೇಡಿ.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಈ ವಾರ ಮನೆಯ ಹಿರಿಯರ ಬಾಯಿಯನ್ನು ಮೊಬೈಲಿನ ಬೆಳಕಿನಲ್ಲಿ ಒಮ್ಮೆ ನೋಡಿ. ಅವರಿಂದ ನಿಮ್ಮದನ್ನೂ ನೋಡಿಸಿಕೊಳ್ಳಿ. ವಸಡು ಕೆಂಪಗೆ ಊದಿದ್ದರೆ, ಉಜ್ಜಿದಾಗ ರಕ್ತ ಬಂದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ದಂತವೈದ್ಯರ ಬಳಿ ಹೋಗಿ. ಹೊಟ್ಟೆಯ ಡಾಕ್ಟರ ಸರದಿ ಆಮೇಲೆ.